ಮೂಲ ಕೇಳುವವನು

ನದೀಮೂಲ ಋಷಿಮೂಲ ಕೇಳಬಾರದಂತೆ.
ಲಾರಿಯ ಮೂಲ ಕೇಳುವುದೇ ನನಗೆ ಕೂಲಿ.
ಒಂದು ಟಾರ್ಚು, ಒಂದು ಅಯಸ್ಕಾಂತ,
ಹಲ್ಲುಜ್ಜಿ ಬಿಟ್ಟ ಬ್ರಷ್ಷು,
ಮಂಡಿಯೂರಲು ಗೋಣಿತಟ್ಟು.

ಜೂರಾ ಬೆಟ್ಟದ ಈ ಹಳ್ಳಿಯಲ್ಲಿ ಮಾರ್ಚ್ ಮುಗಿದರೂ
ಗೋಡೆಯ ನೆರಳಿಗೆ ಅಂಟಿಕೊಂಡಿದೆ ಹಿಮದ ಕೊಳಕು ಮುದ್ದೆ.
ಕೊಟ್ಟಿಗೆಯೊಳಗೆ ಯುದ್ಧಕಾಲದ ಜಿಎಂಸಿ,
ಹತ್ತು ಗಾಲಿ, ಹೊಸ ಹಸಿರು, ಬಾಗಿಲಿಗೆ ಬಿಳಿ ನಕ್ಷತ್ರ,
ಫೋಟೋಕ್ಕೆ ನಿಲ್ಲಿಸಿದ ಹುಡುಗನ ಹಾಗೆ ಉಸಿರು ಬಿಗಿಹಿಡಿದಿದೆ.

ನಕ್ಷತ್ರವನ್ನು ನಾನು ನಂಬುವುದಿಲ್ಲ.
ರಟ್ಟು ಕತ್ತರಿಸಲು ಬಂದರೆ ಯಾರೂ ಬಳಿದಾರು.
ಎಡತೊಲೆಯ ಮೇಲೆ ಗುದ್ದಿದ ಅಂಕಿಗಳಿವೆಯಲ್ಲ, ಅದು ಹಣೆಬರಹ.
ಅದನ್ನೂ ಉಜ್ಜಿ ಬೇರೆ ಗುದ್ದುವವರುಂಟು;
ಸುಳ್ಳಂಕಿಗಳು ಪ್ರಾರ್ಥನೆಯ ಸಾಲಿನಂತೆ ನೆಟ್ಟಗೆ ನಿಲ್ಲುತ್ತವೆ.
ಇಲ್ಲಿ ಏಳು ತಗ್ಗಿದೆ, ಮೂರು ವಾಲಿದೆ.
ಪಾಳಿ ಮುಗಿಯುವ ಹೊತ್ತಿನ ಕೈ.
ಹೌದು, ಎಂದು ಬರೆದೆ.

ಡ್ಯಾಶ್‌ಬೋರ್ಡಿನ ಹಿಂದೆ, ಬಣ್ಣದವನ ಕೈ ಹೋಗದ ಸಂದಿಯಲ್ಲಿ
ಉಗುರು ಹಾಕಿದೆ:
ಈಗಿನ ಹಸಿರು, ಕೆಳಗೆ ರಸ್ತೆ ಇಲಾಖೆಯ ಕಿತ್ತಳೆ,
ಕೆಳಗೆ ಫ್ರೆಂಚ್ ಸೇನೆಯ ಹಸಿರು,
ಎಲ್ಲಕ್ಕೂ ಅಡಿಯಲ್ಲಿ, ಹೊಳಪೇ ಇಲ್ಲದ,
ಒಣಗಿದ ಸೆಗಣಿಯ ಮಂಕು.
ಬಣ್ಣ ಬಯಲಾಗುವುದೆಂದರೆ ಇಷ್ಟೆ.

ದುರಸ್ತಿ ಮಾಡಿದ ಎವ್ರಾರ್ ಬೆನ್ನಿಗೇ ಇದ್ದ.
ನಾಲ್ಕು ಚಳಿಗಾಲ ಕೊಟ್ಟಿದ್ದಾನೆ.
‘ಹೊರಗಿನದು ಒಂದು ಬೋಲ್ಟೂ ಇಲ್ಲ,’ ಅಂದ.
ಒಡತಿ ಓದೀಲ್ ಬಾಗಿಲಲ್ಲೇ ನಿಂತು
ಯಾರಿಗೂ ಅಲ್ಲದ ಹಾಗೆ ಹೇಳಿದಳು:
‘ಮೂವತ್ತೊಂದು ವರ್ಷ ಅಪ್ಪ ಇದರಲ್ಲಿ ದಿಮ್ಮಿ ಎಳೆದ.’

ದಿಮ್ಮಿ ಎತ್ತುವ ಕ್ರೇನು ಈಗಿಲ್ಲ. ಅದರ ಕಾಲೂರಿದ ಕಲೆಯೂ ಇಲ್ಲ.
ಆದರೆ ಅಡಿಯಲ್ಲಿ ಅಂಗಾತ ಮಲಗಿ ತಡವುವಾಗ
ಅಡ್ಡತೊಲೆಯ ಒಳಮೂಲೆಯಲ್ಲಿ ಬೆರಳಿಗೆ ಸಿಕ್ಕಿತು ಒಂದು ಬೆಸುಗೆ,
ಗಂಟುಗಂಟು, ಕೋಳಿ ಕೆದರಿದ ಹಾಗೆ.
ಯಾವ ಕಾರ್ಖಾನೆಯೂ ಇದನ್ನು ಪಾಸು ಮಾಡದು.
ಹೇರು ಇಳಿಸದೆ, ಕತ್ತಲಲ್ಲಿ, ಹೇಗಾದರೂ ಮನೆ ಮುಟ್ಟಲಿ ಅಂತ
ಹಚ್ಚಿದ್ದು.
‘ಕಾಣಲಿಲ್ಲ,’ ಅಂದ ಎವ್ರಾರ್, ಕಿವಿ ಕೆಂಪಾಗಿ. ‘ನಾಳೆಯೇ ಉಜ್ಜಿಬಿಡುತ್ತೇನೆ.’

ಕ್ಲಚ್ ಪೆಡಲ್ ಹೊಸದಾಗಿ ಕಂಡಿತು. ಹೇಳಿದೆ.
‘ಹೊಸದಲ್ಲ! ಅದೇ ಕಾಲದ್ದು,
ಗ್ರೀಸು ಕಾಗದದಲ್ಲಿ ಸುತ್ತಿದ್ದು, ಡಬ್ಬಿಯೊಳಗಿತ್ತು,
ಯಾವ ಕಾಲೂ ಸೋಕಿಲ್ಲ.’
ಹೌದು, ಎಂದು ಬರೆಯಲೇಬೇಕಾಯಿತು.

ಆಗ ಓದೀಲ್ ಒಳಗೆ ಹೋದಳು.
ಬಂದಾಗ ಏಪ್ರನ್ನಿನಲ್ಲಿ ಹಳೆಯ ಪೆಡಲ್.
ಬಲಗಡೆ ಹಲ್ಲುಗಳು ಹಾಗೇ ಇವೆ,
ಎಡ ಅಂಚು ಮಾತ್ರ ಸವೆದು, ಚಮಚೆಯ ಬೆನ್ನಿನಷ್ಟು ನುಣುಪು.
‘ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋಗಿದ್ದವು.
ಅಂಚಲ್ಲೇ ತುಳಿಯುತ್ತಿದ್ದ.’

ಬೋರಲು ಹಾಕಿ ಬ್ರಷ್ಷಾಡಿಸಿದೆ.
ಎರಡಕ್ಕೂ ಅದೇ ಸಂಖ್ಯೆ, ಅದೇ ಎರಕದ ಗುರುತು.
ಒಂದೇ ಬಸಿರಿನವು;
ಒಂದು ದುಡಿಯಿತು, ಒಂದು ಡಬ್ಬಿಯಲ್ಲಿ ಮಲಗಿತ್ತು.
ನನ್ನ ಫಾರಮಿನಲ್ಲಿ ಇರುವುದು ಎರಡೇ ಕಲಂ.

ಎವ್ರಾರ್ ಆಗಲೇ ಸ್ಪ್ಯಾನರು ಹುಡುಕುತ್ತಿದ್ದ.
‘ಬೇಡ,’ ಅಂದಳು ಅವಳು, ಪೆಡಲ್ ಕೈಗೆ ತೆಗೆದುಕೊಂಡು.
‘ಅಡುಗೆಮನೆ ಕಿಟಕಿಗೆ ಇದನ್ನೇ ಒತ್ತು ಕೊಟ್ಟಿರೋದು.
ಇಲ್ಲದಿದ್ದರೆ ಗಾಳಿಗೆ ಬಡಕೊಳ್ಳುತ್ತೆ.’

ನಿಜ, ಅಷ್ಟು ಹೊತ್ತೂ ಬಡಿದುಕೊಳ್ಳುತ್ತಿತ್ತು. ಆಮೇಲೆ ನಿಂತಿತು.

ಇಳಿಜಾರಿನ ಮೂರನೇ ತಿರುವಿನಲ್ಲಿ ನೆನಪಾಯಿತು,
ಆ ಬೆಸುಗೆಯ ಸಂಗತಿ ಬರೆಯಲೇ ಇಲ್ಲ.
ಉಗುರ ಸಂದಿಯಲ್ಲಿ ಇನ್ನೂ ಸ್ವಲ್ಪ ಕಿತ್ತಳೆ.
ಗಾಡಿ ತಿರುಗಿಸಲು ಅಲ್ಲಿ ಜಾಗವಿತ್ತು.