ಗುರಿಮಣಿ

ಗಾರ್ದೋನೆಯ ಕಾರ್ಖಾನೆಯಲ್ಲಿ, ಮೆಲ್ಲಾ ಹೊಳೆಯ ಪಕ್ಕ,
ಎರ್ಸಿಲಿಯಾಳ ಮೇಜಿಗೆ ಏಳು ಗಂಟೆಗೇ ಬಂದು ಮಲಗುತ್ತವೆ ನಳಿಗೆಗಳು,
ಎಣ್ಣೆ ಮೈಯವು, ಇನ್ನೂ ಕಣ್ಣು ಬಾರದವು.
ನೂರೈವತ್ತು ವರ್ಷ ಹಿಂದಿನ ರಿವಾಲ್ವರಿನ
ಹೊಚ್ಚಹೊಸ ನಕಲುಗಳು.

ತುದಿಯಿಂದ ತುಸು ಹಿಂದೆ ಒಂದು ತೂತು,
ಗುಂಡಿನ ದಾರಿಗೆ ತಾಗದಷ್ಟು ಆಳ.
ಅದಕ್ಕೆ ಹಿತ್ತಾಳೆಯ ಮಣಿ,
ಜೋಳದ ಕಾಳಿಗಿಂತ ಸಣ್ಣದು, ಸಾಸಿವೆಗಿಂತ ಜಂಬದ್ದು.
ಬೆಸುಗೆಯಿಲ್ಲ, ತಿರುಪಿಲ್ಲ, ಅಂಟಿಲ್ಲ.
ತೂತಿಗಿಂತ ಕೂದಲೆಳೆ ದಪ್ಪ ಅದರ ಕಾಲು,
ಅಷ್ಟೇ.
ಒಂದೇ ಏಟು.
ಎರಡನೆಯದು ಬೇಕಾಯಿತೆಂದರೆ
ಮೊದಲನೆಯದು ತಪ್ಪೆಂದೇ ಲೆಕ್ಕ.

ಬೇರೆ ಮಾದರಿಗೆ ಬೇರೆ ಪಾಡು.
ಕೆಲವಕ್ಕೆ ಹಕ್ಕಿಬಾಲದ ಕಚ್ಚು ಕೊರೆದು ಅಡ್ಡಕ್ಕೆ ತಳ್ಳಬೇಕು,
ಕೆಲವಕ್ಕೆ ಅಲಗು, ಬೆಳ್ಳಿಯ ಬೆಸುಗೆ. ಉರಿ ಒಂದಿಷ್ಟು ಮೀರಿದರೆ
ನಳಿಗೆಯ ನೀಲಿ ಹೋಗಿ ನೇರಳೆಹಣ್ಣಿನ ಕಲೆ.
ಅವೆಲ್ಲ ಆಚೆ ಮೇಜಿನ ಫೌಸ್ತೀನೊನ ಪಾಲು, ಬೈಯುತ್ತಲೇ ಮಾಡುತ್ತಾನೆ.

ಮುಂದಿನ ಮಣಿಗೆ ಹಿಂದೊಂದು ಜೊತೆ ಬೇಕಲ್ಲ?
ಇಲ್ಲಿಯವರು ನಾಯಿ ಅನ್ನುವ, ನಾವು ಕುದುರೆ ಅನ್ನುವ
ಆ ಕಬ್ಬಿಣದ ನೆತ್ತಿಯಲ್ಲೊಂದು ಗೀರಿದೆ.
ಅದು ಮಲಗಿದ್ದಾಗ ಗೀರು ಯಾರಿಗೂ ಕಾಣದು.
ಎಳೆದು ಎಬ್ಬಿಸಿದಾಗಲೇ ಮಣಿ ಬಂದು ಅದರಲ್ಲಿ ಕೂರುತ್ತದೆ.
"ಕೊಲ್ಲಲು ತಯಾರಾಗದೆ
ಗುರಿ ನೋಡಲಿಕ್ಕೂ ಬರುವುದಿಲ್ಲ ಇದರಲ್ಲಿ"
ಎಂದಳು ಎರ್ಸಿಲಿಯಾ, ಡಬ್ಬಿಯ ಪೊಲೆಂತಾ ಬಿಸಿ ಮಾಡುತ್ತ,
ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ.

ಮಾರ್ಚಿನಲ್ಲೊಂದು ದಿನ ಅಸಲಿನದೇ ಬಂತು.
ಬೆರ್ಗಮೊದ ಪೆಸೆಂತಿ, ಹಳೆಯ ಸಾಮಾನು ಕೂಡಿಡುವವರು,
ಫ್ಲಾನಲ್ ಬಟ್ಟೆ ಬಿಚ್ಚಿದರು.
ಮಣಿ ಇರಬೇಕಾದಲ್ಲಿ
ಬೂಟಿನ ಮೊಳೆ.
ತಲೆ ಕತ್ತರಿಸಿ, ಕಲ್ಲಿಗೆ ಉಜ್ಜಿ, ಬಡಿದು ಕೂರಿಸಿದ್ದು.
"ಈ ಅಸಹ್ಯ ತೆಗೆದು ಸರಿಯಾದದ್ದು ಹಾಕಿಕೊಡಿ."

ಅವಳು ಅಳೆದಳು.
ಮೊಳೆ ಅಸಲಿ ಮಣಿಗಿಂತ ಎತ್ತರ. ಎಡಕ್ಕೊಂದಿಷ್ಟು ವಾಲು.
ಓಹೋ, ಅವನ ಗುಂಡು ಮೇಲೆ ಹೋಗುತ್ತಿತ್ತು, ಎಡಕ್ಕೆ ಹೋಗುತ್ತಿತ್ತು.
ತಪ್ಪಿದ ಕಡೆಗೇ ನೂಕಬೇಕು ಮಣಿಯನ್ನು, ಆಗ ದಾರಿಗೆ ಬರುತ್ತದೆ ಗುಂಡು.
ಇದು ಅವನಿಗೆ ಗೊತ್ತಾಗಲು ಎಷ್ಟು ಸಲ ತಪ್ಪಿತೊ,
ಯಾರಿಗೆ ತಪ್ಪಿತೊ,
ಯಾವ ಊರಿನ ಕೆಸರಲ್ಲಿ ಕೂತು ಉಜ್ಜಿದನೊ,
ಒಂದು ಮೊಳೆ ಕಮ್ಮಿಯಾದ ಬೂಟಿನಲ್ಲಿ
ಆಮೇಲೆ ಎಷ್ಟು ದೂರ ನಡೆದನೊ.

"ಇರಲಿ ಬಿಡಿ ಇದು" ಅಂದಳು.
ಪೆಸೆಂತಿ ಗಡಿಯಾರ ನೋಡಿಕೊಂಡರು.

ಮೊಳೆ ಬರಲೊಲ್ಲದು. ಎಣ್ಣೆ ಬಿಟ್ಟು, ಕಾಯಿಸಿ, ಮತ್ತೆ ಎಣ್ಣೆ ಬಿಟ್ಟು
ಸಂಜೆಯವರೆಗೆ ಹಿಡಿಯಿತು.
ತೂತು ಸವೆದು ಅಗಲವಾಗಿತ್ತು, ಹೊಸ ಮಣಿಗೆ ದಪ್ಪ ಕಾಲು ಕಡೆದಳು.
ಎರಡು ಏಟು ಬೇಕಾಯಿತು. ಫೌಸ್ತೀನೊ ಎಣಿಸಿದ, ಸುಮ್ಮನಿದ್ದ.

ಮೊಳೆ ಅವಳ ಡ್ರಾಯರಿನಲ್ಲಿದೆ, ಕೆಮ್ಮಿನ ಗುಳಿಗೆಯ ಡಬ್ಬಿಯಲ್ಲಿ,
ಮೇಜು ಅಲುಗಿದರೆ ಸದ್ದು ಮಾಡುತ್ತದೆ.
ರಿವಾಲ್ವರು ಬೆರ್ಗಮೊದಲ್ಲಿ, ಗಾಜಿನ ಹಿಂದೆ,
ಸರಿಯಾದ ಮಣಿ ತೊಟ್ಟು,
ಇನ್ನು ಯಾವತ್ತೂ
ತುಸು ಮೇಲಕ್ಕೇ ಹೊಡೆಯುವಂತೆ.