ಮೇಲೊಂದು ಕೆರೆಯಿದೆಯಂತೆ

ಬೈತಖೋಲದಿಂದ ಏಳಕ್ಕೆ ಬಿಟ್ಟ ದೋಣಿ
ಒಂಬತ್ತಕ್ಕೆ ಗಡದ ಬುಡ ಮುಟ್ಟಿತು.
ಮುಟ್ಟಿತು ಅನ್ನುವುದು ತಪ್ಪು.
ಒಂದು ತೆರೆ ಮುಟ್ಟಿಸಿತು, ಇನ್ನೊಂದು ಬಿಡಿಸಿತು,
ಮೂರನೆಯದು ಬೆನ್ನು ಎತ್ತಿದಾಗ
‘ಹಾರಿ ಅಕ್ಕೋರೇ’ ಎಂದ ರೋಹಿದಾಸ ತಾಂಡೇಲ.
ಹಾರಿದೆ. ಮೊಣಕಾಲು ಚಿಪ್ಪಿಗೆ ತರಚಿತು.
ಹಳಿಯಾಳದ ಬಯಲಲ್ಲಿ ಬೆಳೆದವಳಿಗೆ
ನಿಜ ಹೇಳಬೇಕೆಂದರೆ, ಇಷ್ಟೇ ಸಾಕಿತ್ತು.

ಇಲ್ಲಿ ಲಂಗರು ನಿಲ್ಲುವುದಿಲ್ಲ,
ತಳವೆಲ್ಲ ನುಣ್ಣನೆ ಬಂಡೆ.
ಹಗ್ಗದ ಒಂದು ತುದಿ ಕಲ್ಲಿನ ಕೊಂಬಿಗೆ,
ಇನ್ನೊಂದನ್ನು ಹಿಡಿದು ಒಬ್ಬರು ದೋಣಿಯಲ್ಲೇ ಕೂರಬೇಕು,
ಬಂಡೆಗೆ ಬಡಿಯದಂತೆ
ಕಡಲಿಗೂ ಕೊಡದಂತೆ.

ನಾನು ಹತ್ತಿದೆ.
ಕವಳಿ ಮಟ್ಟಿ, ಕೇದಗೆಯ ಗರಗಸ,
ಯಾವ ಕಾಲದವೋ ಕೆಂಪುಕಲ್ಲ ಮೆಟ್ಟಿಲು
ಹನ್ನೆರಡು ಇದ್ದು ಆಮೇಲೆ ಇಲ್ಲ.
ಅಂಗೈಯಲ್ಲಿ ಹುಲ್ಲು, ಬಾಯಲ್ಲಿ ಉಪ್ಪು,
ಕೊನೆಯ ಬಂಡೆಗೆ ಗಲ್ಲ ಊರಿ ತಲೆ ಎತ್ತಿದರೆ

ಕೆರೆ.

ಆಚೆ ದಂಡೆಯೆಂದರೆ ಒಂದು ಗೇಣು ಕಲ್ಲು,
ಅದರಾಚೆ ಬರೀ ಗಾಳಿ,
ಗಾಳಿಯ ಕೆಳಗೆ, ಇಪ್ಪತ್ತಾಳು ಕೆಳಗೆ, ಅರಬ್ಬಿ.
ಬೊಗಸೆಯಲ್ಲಿ ಎತ್ತಿ ಕುಡಿದೆ: ಸಿಹಿ.
ಸುತ್ತ ಇಷ್ಟೊಂದು ಉಪ್ಪು ಇದ್ದೂ
ಇದಕ್ಕೆ ಉಪ್ಪಿನ ಸುದ್ದಿಯೇ ತಿಳಿದಿಲ್ಲ.
ಒಂದು ಕಪ್ಪೆ ನನ್ನನ್ನು ನೋಡಿತು.
ಅದರ ಮುತ್ತಜ್ಜ ಯಾವ ದೋಣಿಯಲ್ಲಿ ಬಂದನೋ.
ಹದಿನೇಳು ಫೋಟೊ ತೆಗೆದೆ.
ಯಾವುದರಲ್ಲೂ ಎತ್ತರ ಬರಲಿಲ್ಲ.

ಇಳಿದು ಬಂದಾಗ ಕೇಳಿದ,
ಕಣ್ಣು ಹಗ್ಗದ ಮೇಲೇ ಇಟ್ಟು:
‘ಹೆಂಗದೆ ಅಕ್ಕೋರೆ, ಕೆರೆ?’
‘ನೀವು ನೋಡಿಲ್ವಾ?’
‘ಮೂವತ್ತೊಂದು ವರ್ಷ ಆಯ್ತು, ಜನ ತಂದು ಬಿಡೂಕೆ ಹಿಡದು.
ಕಾಲೇಜು ಹುಡುಗ್ರು, ಸರ್ವೆಯವ್ರು,
ಒಂದ್ಸಲ ಮದುವೆ ಗಂಡು-ಹೆಣ್ಣು, ಕ್ಯಾಮರಾದವರ ಸಮೇತ.
ಎಲ್ಲಾರೂ ಚಂದ ಅಂತಾರೆ.
ಹಗ್ಗ ಹಿಡಿಯೋರು ಯಾರು?’

ಕೊಡಿ ಅಂದೆ.
ನಕ್ಕ. ಆಮೇಲೆ ನಗಲಿಲ್ಲ.
‘ಎದ್ದಾಗ ಬಿಡಿ, ಇಳಿದಾಗ ಎಳೀರಿ,
ಲೆಕ್ಕ ಹಾಕಬೇಡಿ, ಕೈಗೇ ಬಿಟ್ಟುಬಿಡಿ’
ಎಂದು ಮೂರು ಸಲ ಹೇಳಿ
ಲುಂಗಿ ಎತ್ತಿ ಕಟ್ಟಿ ಹತ್ತಿದ, ತಿರುಗಿ ತಿರುಗಿ ನೋಡುತ್ತ,
ನನ್ನನ್ನಲ್ಲ.

ಆ ಒಂದು ತಾಸು
ಕಡಲನ್ನೂ ನೋಡಲಿಲ್ಲ, ಗಡವನ್ನೂ ನೋಡಲಿಲ್ಲ.
ಎದ್ದಾಗ ಬಿಡು. ಇಳಿದಾಗ ಎಳೆ.
ಹನ್ನೊಂದು ವರ್ಷ ಒಂದನೇ ತರಗತಿಗೆ
ಅಕ್ಷರ ತಿದ್ದಿಸಿದ ಕೈ
ತಿದ್ದಿಸಿಕೊಂಡಿತು.

ಬಂದ. ಕೂದಲಿಂದ ನೀರು ಇಳಿಯುತ್ತಿತ್ತು.
ಮುಳುಗಿ ಎದ್ದಿದ್ದಾನೆ; ನನಗೆ ಅದು ಹೊಳೆದೇ ಇರಲಿಲ್ಲ.
ಹಗ್ಗ ಇಸಕೊಂಡ, ನನ್ನ ಅಂಗೈಯ ಕೆಂಪು ನೋಡಿದ,
ಏನೂ ಅನ್ನಲಿಲ್ಲ.
ಎಂಜಿನ್ ಹತ್ತಿಕೊಂಡ ಮೇಲೆ ಆ ಸದ್ದಿನಲ್ಲಿ ಕೂಗಿದ:
‘ಮೇಲಿಂದ ನಮ್ ದೋಣಿ ಕಾಣ್ತದೆ ಅಕ್ಕೋರೆ!
ಒಂದು ಕರಟದಷ್ಟು. ಅದ್ರೊಳಗೆ ನೀವು.’

ನಾನು ಮೇಲಿದ್ದಾಗ
ದೋಣಿ ಕಂಡಿತ್ತೇ?
ಮೊಬೈಲಿಗೆ ಸೆರಗಿನ ನೆರಳು ಹಿಡಿದು
ಹದಿನೇಳನ್ನೂ ಒಂದೊಂದೇ ಸರಿಸಿದೆ.
ಕೆರೆ, ಕೆರೆ, ಕಪ್ಪೆ, ಕೆರೆ, ನನ್ನದೇ ಹೆಬ್ಬೆರಳು.

ಬೈತಖೋಲದಲ್ಲಿ ಇಳಿಯುವಾಗ
ಎಂಟುನೂರು ಎಣಿಸಿ ತೆಗೆದುಕೊಂಡ,
ನೂರು ವಾಪಸು ಕೊಟ್ಟ.
‘ಹಗ್ಗದ್ದು’ ಎಂದ.