ಐದು ಮಿಲಿಮೀಟರ್

ಕೂಡ್ಲೂರಿನ ಶೆಡ್ಡಿಗೆ ನಾನೂರ ಹನ್ನೆರಡು ಮೀಟರುಗಳು
ಹೋದ ದಾರಿಯಲ್ಲೇ ವಾಪಸು ಬಂದವು.
ತಪ್ಪೇನೂ ಇಲ್ಲ ಯಂತ್ರದಲ್ಲಿ.
ಬಟ್ಟಲಿಗೆ ಕಾಫಿ ಬೀಜ ಸುರಿದರೆ ಈಗಲೂ
ಹನ್ನೊಂದು ಪಾಯಿಂಟ್ ಎರಡು ಎಂದು ತೇವ ಹೇಳುತ್ತದೆ.
ಲೇಬಲ್ಲು ಹೇಳಿದ್ದೂ ಸುಳ್ಳಲ್ಲ,
ಅದು ಕುಳ್ಳು.
ಸಿ ಇ ಎಂಬ ಎರಡಕ್ಷರ
ಐದು ಮಿಲಿಮೀಟರ್ ಎತ್ತರ ಇರಬೇಕಿತ್ತಂತೆ;
ನಮ್ಮದು ನಾಲ್ಕೂವರೆ.

ಕಾಗದ ಓದಿದ ಕುಟ್ಟಪ್ಪನವರು ಕನ್ನಡಕ ತೆಗೆದು ಒರೆಸಿ
ಮತ್ತೆ ಓದಿದರು. ಅಕ್ಷರ ಬೆಳೆಯಲಿಲ್ಲ.
"ಲೇಬಲ್ ನೋಡಿಕೊಂಡವರು ಯಾರು?"
ನಾನೇ. ದಮಯಂತಿ. ಬಿ.ಕಾಂ., ಎರಡು ವಿಷಯ ಬಾಕಿ.

ಒಂದೇ ಯಂತ್ರ, ಸಂತೆಗೊಂದು ಮುಖ.
ಇಲ್ಲಿಗಾದರೆ ಗರಿಷ್ಠ ಬೆಲೆ, ದೂರು ಹೇಳುವ ಫೋನ್ ನಂಬರು;
ಕೊಲ್ಲಿಗೆ ಬಲದಿಂದ ಎಡಕ್ಕೆ ಹರಿಯುವ ಬರಹ,
ತಲೆಕೆಳಗಾಗಿ ಅಂಟಿಸಿಬಿಟ್ಟೇನೆಂದು
ಪಕ್ಕದ ಅಂಗಡಿ ಮೊಯ್ದುವಿನ ಮಗಳು ಬಂದು
ರೋಲಿನ ಅಂಚಿಗೆ ಬಾಣ ಹಾಕಿಕೊಟ್ಟಿದ್ದಾಳೆ;
ಯುರೋಪಿಗೆ ಆಮದುದಾರನ ವಿಳಾಸ,
ನಾನು ಕಾಣದ ಬೀದಿಯ, ನಾನು ಬಾಯಿಪಾಠ ಮಾಡಿದ ಮನೆ ನಂಬರು.
ಎಲ್ಲದರಲ್ಲೂ ಇರುವ ಚಿತ್ರ ಒಂದೇ:
ಚಕ್ರದ ಕಸದ ಡಬ್ಬಿ, ಮೇಲೆ ಅಡ್ಡಗೀಟು.
"ಡಬ್ಬಿ ಯಾಕೆ ಹೊಡೆದು ಹಾಕಿದ್ದಾರೆ?" ಎಂದಿದ್ದಳು ಪಾಲಿ ಒಮ್ಮೆ.
ಕೆಟ್ಟ ಮೇಲೆ ಇದನ್ನು ಕಸದ ಡಬ್ಬಿಗೆ ಹಾಕಬಾರದು ಅಂತ.
ಅವಳು ಶೆಡ್ಡಿನ ಹಿಂದೆ, ಹೊಳೆ ಕಡೆಯ ಗುಡ್ಡೆ ನೋಡಿದಳು.
"ಸರಿ. ನಾವು ಡಬ್ಬಿಗೆ ಹಾಕುವುದಿಲ್ಲ."

ಶುಕ್ರವಾರದೊಳಗೆ ಎಲ್ಲ ಕಿತ್ತು, ಹೊಸದು ಅಂಟಿಸಿ, ಲಾರಿ ಹತ್ತಿಸಬೇಕು.
ಬ್ಯೂಟಿ ಪಾರ್ಲರಿನ ಗ್ರೇಸಿ ಎರಡು ಹೇರ್ ಡ್ರೈಯರ್ ಕೊಟ್ಟಳು,
ಮದುಮಗಳೊಬ್ಬಳಿದ್ದಾಳೆ, ಬೆಳಗ್ಗೆ ವಾಪಸು ಬೇಕೆಂದು.
ಬಿಸಿಗಾಳಿಗೆ ಅಂಟು ಮೆತ್ತಗಾಗಿ ಮೂಲೆ ಏಳುತ್ತದೆ,
ಉಗುರು ಕೊಟ್ಟು ಎಳೆಯಬೇಕು;
ಅವಸರ ಮಾಡಿದರೆ ಅರ್ಧಕ್ಕೆ ಹರಿದು
ಬೂಸ್ಟಿನ ಹಾಗೆ ಬಿಳಿ ಉಳಿಯುತ್ತದೆ.
ಕ್ಯೂರಿಂಗ್ ವರ್ಕ್ಸಿನ ಹೊಟ್ಟು ಕಿಟಕಿಯಿಂದ ತೂರಿ
ಅಂಟಿನ ಮೇಲೆ ಬಂದು ಕೂರುತ್ತಿತ್ತು.
ರಾತ್ರಿ ಹತ್ತಕ್ಕೆ ಕರೆಂಟ್ ಹೋಯಿತು.
ಅದಕ್ಕೇ ಕಾದಿದ್ದವಳಂತೆ ಪಾಲಿ ಗ್ಯಾಸಿನ ಮೇಲೆ ನೀರಿಟ್ಟಳು,
ಸ್ಟೀಲ್ ಲೋಟಕ್ಕೆ ಸುರಿದು, ಲೋಟದ ತಳವನ್ನು
ಲೇಬಲಿನ ಮೇಲೆ ಒತ್ತಿದಳು, ಇಸ್ತ್ರಿಯ ಹಾಗೆ.
ಡ್ರೈಯರಿಗಿಂತ ವಾಸಿ.
ಈ ವಿಧಾನ ನನ್ನ ಯಾವ ಫೈಲಿನಲ್ಲೂ ಇಲ್ಲ.

ಇನ್ನೂರು ದಾಟಿದ ಮೇಲೆ, ಮೊಬೈಲಿನ ಬೆಳಕಲ್ಲಿ ಕಂಡಿತು:
ಕಿತ್ತ ಜಾಗದಲ್ಲಿ, ಪ್ಲಾಸ್ಟಿಕ್ಕಿನ ಮೈಮೇಲೆ
ಸೂಜಿಯಲ್ಲಿ ಗೀರಿದ ಒಂದು 'ಪಾ'.
ಮುಂದಿನದರಲ್ಲೂ ಪಾ. ಅದರ ಮುಂದಿನದರಲ್ಲಿ ಇಳಿ ಸ್ವಲ್ಪ ಜಾರಿದೆ.
ಯಾರದೆಂದು ಕೇಳಬೇಕಾಗಿರಲಿಲ್ಲ.
ಬೆಸುಗೆ ಹಾಕಿ, ಒಣ ಬೀಜ ಹಸಿ ಬೀಜ ಎರಡನ್ನೂ ಸುರಿದು ನೋಡಿ,
ಸರಿ ಅನ್ನಿಸಿದ ಮೇಲಷ್ಟೇ ಗೀರುತ್ತಾಳಂತೆ, ಎರಡು ವರ್ಷದಿಂದ.
"ಮೇಲೆ ನಿಮ್ಮ ಚೀಟಿ ಬರುತ್ತಲ್ಲ, ಕಾಣಲ್ಲ ಅಂತ."

ಕುಟ್ಟಪ್ಪನವರಿಗೆ ಹೇಳಲೇ?
ಎಂಬತ್ತಾರು ಪುಟದ ನಿಯಮ ಮನಸ್ಸಿನಲ್ಲೇ ತಿರುವಿದೆ.
ಇರಬೇಕೆಂದೂ ಇಲ್ಲ, ಇರಬಾರದೆಂದೂ ಇಲ್ಲ.
ಕೊನೆಗೆ ಸ್ಕೇಲು ತೆಗೆದು ಅವಳ ಅಕ್ಷರ ಅಳೆದೆ.
ಏಳು ಮಿಲಿಮೀಟರ್.
"ಪಾಸಾ?" ಎಂದಳು. ಲೋಟದ ನೀರು ಆರಿತ್ತು.

ಬೆಳಗಿನ ಜಾವ ಹೊಸ ರೋಲು ಬಿಚ್ಚಿದೆವು.
ಘೋಷಣಾ ಪತ್ರದ ಕೆಳಗೆ ಕುಟ್ಟಪ್ಪನವರ ಸಹಿ ಆಗಲೇ ಬಿದ್ದಿತ್ತು:
ಇದರ ಹೊಣೆ ಸಂಪೂರ್ಣ ತಯಾರಕರದೇ.
ಒಂದೊಂದೇ 'ಪಾ' ಮೇಲೆ, ಗಾಳಿಗುಳ್ಳೆ ಏಳದ ಹಾಗೆ
ನಡುವಿನಿಂದ ಅಂಚಿಗೆ ಹೆಬ್ಬೆರಳು ಒತ್ತುತ್ತ ಹೋದೆ.
ಒಂದರಲ್ಲಿ ಮಾತ್ರ ಏನೂ ಬರೆದಿರಲಿಲ್ಲ.
ಅದನ್ನು ಪಕ್ಕಕ್ಕಿಟ್ಟೆ.
ಲಾರಿಗೆ ಹತ್ತಿದ್ದು ನಾನೂರ ಹನ್ನೊಂದು.